ಕಂಟ್ರೋಲ್ ಟವರಿನ ಮೊಮ್ಮಗಳಿಗೆ

ಸರಸ್ವತಿಪುರಂ, ಮೈಸೂರು

ಚಿ॥ ಪುಟ್ಟಿಗೆ ನಿನ್ನ ತಾತನ ಆಶೀರ್ವಾದಗಳು.

ಪ್ರಯಾಗರಾಜದಲ್ಲಿ ವಿಮಾನ ಕಂಟ್ರೋಲರ್ ತರಬೇತಿ ಮುಗಿದು ನಿನಗೆ ಬೆಂಗಳೂರಿಗೇ ಪೋಸ್ಟಿಂಗ್ ಆಯಿತೆಂದು ನಿನ್ನಮ್ಮ ಫೋನ್ ಮಾಡಿದಾಗ ಅಜ್ಜಿ ಆ ಗಳಿಗೆಯಲ್ಲೇ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’ ಎಂದು ನೀನು ನಡುಮನೆಯಲ್ಲಿ ಓಡಾಡಿಕೊಂಡು ಬಾಯಿಪಾಠ ಮಾಡುತ್ತಿದ್ದಾಗ ಅವಳು ನಗುತ್ತಿದ್ದಳು. ನಾನು ನಗಲಿಲ್ಲ. ಗರಗರ ಎನ್ನುವ ರೇಡಿಯೋದಲ್ಲಿ ಒಂದು ಅಂಕಿ ಇನ್ನೊಂದಾಗಿ ಕೇಳಿಸಬಾರದೆಂದು ಪ್ರಪಂಚವೆಲ್ಲ ಕೂಡಿ ಒಪ್ಪಿಕೊಂಡ ಉಚ್ಚಾರ ಅದು. ಸ್ಟೇಷನ್ ಮಾಸ್ಟರನಾಗಿ ನನ್ನ ಸರ್ವೀಸೆಲ್ಲ ಕಳೆದದ್ದೂ ಅಂಥ ಅಂಕಿಗಳ ನಡುವೆಯೇ.

ನಿನಗೆ ಹೇಳಬೇಕಾದ ಮಾತು ಒಂದಿದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ.

ಹೋದ ಸಲ ಬಂದಾಗ ನೀನು ಉತ್ಸಾಹದಿಂದ ಹೇಳಿದೆ: ನಮ್ಮ ಕೆಲಸವೇ ಬದಲಾಗುತ್ತಿದೆ ತಾತ, ಕಾಗದದ ಸ್ಟ್ರಿಪ್ ಹೋಗಿ ಎಲ್ಲ ಸ್ಕ್ರೀನಿಗೆ ಬರುತ್ತಿದೆ, ಸಮುದ್ರದ ಮೇಲೆ ಹಾರುವ ವಿಮಾನಗಳಿಗೆ ಈಗಲೇ ಬಾಯಿಮಾತಿನ ಬದಲು ಡೇಟಾ ಲಿಂಕ್‌ನಲ್ಲಿ ಸಂದೇಶ ಹೋಗುತ್ತದೆ, ಎರಡು ವಿಮಾನ ಹತ್ತಿರ ಬಂದರೆ ಕಂಪ್ಯೂಟರೇ ಎಚ್ಚರಿಸುತ್ತದೆ, ಎಂದು. ಕೇಳಿ ಹೆಮ್ಮೆಯಾಯಿತು. ನೀನು ಹೊರಟು ಹೋದ ಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳತೊಡಗಿದರೆ, ಮನುಷ್ಯರು ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಹೇಳುವ ಅಭ್ಯಾಸ ಏನಾಗುತ್ತದೆ?

ಈ ಪ್ರಶ್ನೆ ನನಗೆ ಬಂದದ್ದಕ್ಕೆ ಕಾರಣವಿದೆ. ನಾನು ಮೀಟರ್ ಗೇಜ್ ಕಾಲದಲ್ಲಿ ಅರಸೀಕೆರೆ ಲೈನಿನ ಸಣ್ಣ ಸ್ಟೇಷನ್ನುಗಳಲ್ಲಿ ಟೋಕನ್ ಕೊಟ್ಟು ಗಾಡಿ ಬಿಟ್ಟವನು. ಕೊನೆಗೆ ಪ್ಯಾನೆಲ್ ಮುಂದೆ ಕೂತು ಬಟನ್ ಒತ್ತಿ ರಿಟೈರ್ ಆದವನು. ಹಳೆಯ ಕಾಲದಲ್ಲಿ ಪಕ್ಕದ ಸ್ಟೇಷನ್ನಿನವನು ಗಾಡಿ ಬಿಡಲು ಲೈನ್ ಕ್ಲಿಯರ್ ಕೇಳಿದರೆ ಬ್ಲಾಕ್ ಯಂತ್ರದ ಬೆಲ್ ಇಡೀ ಸ್ಟೇಷನ್ನಿಗೆ ಕೇಳಿಸುತ್ತಿತ್ತು. ನಾನು ಲೈನ್ ಕ್ಲಿಯರ್ ಕೊಡುವಷ್ಟರಲ್ಲಿ ಪಾಯಿಂಟ್ಸ್‌ಮನ್ ಬಾವುಟ ಹಿಡಿದು ಹೊರಗೆ ನಿಂತಿರುತ್ತಿದ್ದ. ಅವನಿಗೆ ಯಾರೂ ಹೇಳಿರುತ್ತಿರಲಿಲ್ಲ. ಅವನ ಕಿವಿಗೆ ಬಿದ್ದಿತ್ತು, ಅಷ್ಟೇ. ಪ್ಯಾನೆಲ್ ಬಂದ ಮೇಲೆ ಬೆಲ್ಲಿನ ಜಾಗಕ್ಕೆ ದೀಪ ಬಂತು. ದೀಪ ಕಾಣುವುದು ಅದರ ಮುಂದೆ ಕೂತವನಿಗೆ ಮಾತ್ರ. ಕೆಲಸ ಹಗುರವಾಯಿತು, ಅಪಾಯವೂ ಕಡಿಮೆಯಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರ ಕಿವಿಗೂ ತಾನಾಗಿ ಬೀಳುತ್ತಿದ್ದ ಸಮಾಚಾರ ಒಬ್ಬನ ಕಣ್ಣಿಗೆ ಸೀಮಿತವಾಯಿತು. ಮಿಕ್ಕವರಿಗೆ ಅದನ್ನು ನೆನಪಿಟ್ಟು, ಬಾಯಿಬಿಟ್ಟು ಹೇಳಬೇಕಾಯಿತು.

ನಿಮ್ಮಲ್ಲೂ ಆಗುತ್ತಿರುವುದು ಇದೇ. ಒಂದೇ ಫ್ರೀಕ್ವೆನ್ಸಿಯಲ್ಲಿರುವ ಪೈಲಟ್‌ಗಳೆಲ್ಲ ಕಂಟ್ರೋಲರ್ ಆಡುವ ಪ್ರತಿ ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ಮುಂದಿನ ವಿಮಾನ ಎಲ್ಲಿದೆ, ಯಾರಿಗೆ ಗಾಳಿಯ ಕುಲುಕಾಟ ಸಿಕ್ಕಿತು, ಯಾರು ತಿರುಗಿ ಹೋದರು ಎಂಬುದೆಲ್ಲ ಕಿವಿಯಿಂದಲೇ ಮನಸ್ಸಿನಲ್ಲಿ ಒಂದು ನಕ್ಷೆಯಾಗುತ್ತದೆ. ಡೇಟಾ ಲಿಂಕ್ ಸಂದೇಶ ಆ ಒಂದೇ ವಿಮಾನದ ಪರದೆಗೆ ಹೋಗಿ ಕೂರುತ್ತದೆ. ತಪ್ಪಾಗಿ ಕೇಳಿಸುವ ಭಯ ತಪ್ಪಿತು; ಸುತ್ತಲಿನವರಿಗೆ ತಿಳಿಯುವುದೂ ತಪ್ಪಿತು.

ನೀನು ತೋರಿಸಿದ ಆ ಸ್ಟ್ರಿಪ್ಪನ್ನೇ ತೆಗೆದುಕೋ. ಅಂಗೈಯಗಲವೂ ಇಲ್ಲದ ಕಾಗದದ ಪಟ್ಟಿ, ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಸಿಕ್ಕಿಸಿದ್ದು. ವಿಮಾನದ ಕರೆಹೆಸರು, ಜಾತಿ, ಎತ್ತರ, ಹೊತ್ತು, ಎಲ್ಲ ಅದರ ಮೇಲೆ. ಏನಾದರೂ ಬಾಕಿ ಉಳಿದಿದ್ದರೆ ಕಂಟ್ರೋಲರ್ ಆ ಪಟ್ಟಿಯೊಂದನ್ನು ಸಾಲಿನಿಂದ ಓರೆಯಾಗಿ ಎಳೆದಿಡುತ್ತಾನೆ, ಹಿಂದಿನಿಂದ ಹಾದುಹೋಗುವ ಸೂಪರ್‌ವೈಸರಿಗೂ ‘ಇಲ್ಲೇನೋ ಬಾಕಿ ಇದೆ’ ಎಂದು ಗೊತ್ತಾಗುತ್ತದೆ ಎಂದು ನೀನೇ ಹೇಳಿದೆ. ನನಗೆ ನಮ್ಮ ಲಿವರ್ ಕಾಲರ್ ಜ್ಞಾಪಕಕ್ಕೆ ಬಂತು. ಲೈನಿನ ಮೇಲೆ ಗಾಡಿ ನಿಂತಿದ್ದರೆ ಆ ಲೈನಿನ ಸಿಗ್ನಲ್ ಲಿವರಿಗೆ ಒಂದು ಕಬ್ಬಿಣದ ಬಳೆ ತೊಡಿಸಿಬಿಡುತ್ತಿದ್ದೆವು. ನಡುರಾತ್ರಿ ಮಂಪರಿನಲ್ಲಿ ಕೈ ಲಿವರಿನ ಮೇಲೆ ಹೋದರೂ ಬಳೆ ಬೆರಳಿಗೆ ತಾಕಿ ಎಚ್ಚರವಾಗುತ್ತಿತ್ತು. ಇಂಥವನ್ನು ಕಂಡುಹಿಡಿದವರು ಎಂಜಿನಿಯರುಗಳಿಗಿಂತ ಹೆಚ್ಚಾಗಿ ಆ ಕುರ್ಚಿಯಲ್ಲಿ ಕೂತು ದಣಿದವರು. ಹೊಸ ಸ್ಕ್ರೀನ್ ಮಾಡುವವರು ಸ್ಟ್ರಿಪ್ಪಿನ ಮೇಲೆ ಬರೆದದ್ದನ್ನೆಲ್ಲ ತಪ್ಪದೆ ಕಂಪ್ಯೂಟರಿಗೆ ತರುತ್ತಾರೆ. ಆ ಓರೆಯನ್ನು ತರಬೇಕೆಂದು ಅವರಿಗೆ ಹೊಳೆಯಬೇಕಾದರೆ ನಿನ್ನಂಥವರು ಹೇಳಬೇಕು.

ಈಗ ಸ್ವಲ್ಪ ಕಟುವಾದ ವಿಷಯಕ್ಕೆ ಬರುತ್ತೇನೆ. ನೀನು ಕೆಲಸಕ್ಕೆ ಸೇರುತ್ತಿರುವ ದೇವನಹಳ್ಳಿ ನಿಲ್ದಾಣದಲ್ಲೇ 2022ರ ಜನವರಿಯ ಒಂದು ಬೆಳಿಗ್ಗೆ ಏನಾಯಿತೆಂದು ತರಬೇತಿಯಲ್ಲಿ ಹೇಳಿಯೇ ಇರುತ್ತಾರೆ. ಆದರೂ ಇನ್ನೊಮ್ಮೆ ಕೇಳು. ಎರಡು ರನ್‌ವೇಗಳಲ್ಲಿ ಉತ್ತರದ್ದು ಹೊರಡುವುದಕ್ಕೆ, ದಕ್ಷಿಣದ್ದು ಇಳಿಯುವುದಕ್ಕೆ ಬಳಕೆಯಲ್ಲಿತ್ತು. ದಕ್ಷಿಣದ್ದನ್ನು ನಿಲ್ಲಿಸಿ ಒಂದೇ ರನ್‌ವೇಯಲ್ಲಿ ಎರಡೂ ಕೆಲಸ ನಡೆಸೋಣ ಎಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದರು. ಆ ತೀರ್ಮಾನ ದಕ್ಷಿಣದ ರನ್‌ವೇ ನೋಡಿಕೊಳ್ಳುತ್ತಿದ್ದ ಕಂಟ್ರೋಲರಿಗೆ ತಲುಪಲಿಲ್ಲ. ಒಬ್ಬರು ಕೋಲ್ಕತ್ತಕ್ಕೆ ಹೊರಟ ವಿಮಾನಕ್ಕೂ ಇನ್ನೊಬ್ಬರು ಭುವನೇಶ್ವರಕ್ಕೆ ಹೊರಟ ವಿಮಾನಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅನುಮತಿ ಕೊಟ್ಟರು. ಎರಡೂ ಒಂದೇ ದಿಕ್ಕಿಗೆ ಮೇಲೇರಿ ಒಂದರತ್ತ ಒಂದು ವಾಲಿದವು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನ. ರಡಾರ್ ಮುಂದೆ ಕೂತಿದ್ದ ಇನ್ನೊಬ್ಬ ಕಂಟ್ರೋಲರ್ ಅದನ್ನು ಕಂಡು ತಕ್ಷಣ ಎರಡನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅವರೆಲ್ಲ ಊರು ಸೇರಿದರು.

ಅವತ್ತು ಯಾವ ಯಂತ್ರವೂ ಕೈಕೊಟ್ಟಿರಲಿಲ್ಲ. ಎರಡನೆಯ ರನ್‌ವೇ ಶುರುವಾದದ್ದು 2019ರ ಡಿಸೆಂಬರಿನಲ್ಲಿ, ಎಲ್ಲವೂ ಹೊಚ್ಚ ಹೊಸದು. ಒಂದು ಇದ್ದಲ್ಲಿ ಎರಡು ಬಂದರೆ ಸಾಮರ್ಥ್ಯ ಹೆಚ್ಚುತ್ತದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಹೇಳಬೇಕಾದ ಮಾತುಗಳ ಸಂಖ್ಯೆಯೂ ಹೆಚ್ಚುತ್ತದೆ ಎಂಬ ಲೆಕ್ಕ ಹಾಕುವವರು ಕಡಿಮೆ. ನಮ್ಮಲ್ಲಿ ಗೇಟ್‌ಮನ್ ಗೇಟು ಹಾಕಿದ ಮೇಲೆ ಫೋನಿನಲ್ಲಿ ಒಂದು ಪ್ರೈವೇಟ್ ನಂಬರ್ ಹೇಳುತ್ತಿದ್ದ. ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡ ಮೇಲೇ ಸಿಗ್ನಲ್. ‘ಸರಿ ಸಾರ್, ಆಯ್ತು ಸಾರ್’ ಎಂಬುದಕ್ಕೆ ಬೆಲೆಯಿರಲಿಲ್ಲ. ಮಾತು ತಲುಪಿತು ಎಂಬುದಕ್ಕೆ ಆ ಕಡೆಯಿಂದ ಒಂದು ಗುರುತು ವಾಪಸ್ಸು ಬರಬೇಕು. ನೀವು ಪೈಲಟ್‌ಗಳಿಂದ ಪ್ರತಿ ಸೂಚನೆಯನ್ನೂ ಮರಳಿ ಹೇಳಿಸಿಕೊಳ್ಳುತ್ತೀರಲ್ಲ, ಅದೇ ಶಿಸ್ತು ಒಂದೇ ಕೋಣೆಯಲ್ಲಿ ಕೂತ ಸಹೋದ್ಯೋಗಿಗಳ ನಡುವೆಯೂ ಇರಲಿ. ಕಣ್ಣೆದುರಿಗೇ ಇರುವವರಿಗೆ ಗೊತ್ತಿದ್ದೇ ಇರುತ್ತದೆ ಎಂದು ಮನಸ್ಸು ಬಹಳ ಸುಲಭವಾಗಿ ನಂಬಿಬಿಡುತ್ತದೆ.

ನಾನು ಯಂತ್ರಕ್ಕೆ ವಿರೋಧಿ ಎಂದು ತಿಳಿಯಬೇಡ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕಿಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ತೀರಿಕೊಂಡರು. ಕಜಾಕ್ ವಿಮಾನಕ್ಕೆ ಹೇಳಿದ್ದ ಎತ್ತರ 15,000 ಅಡಿ, ಅದು ಇಳಿದದ್ದು ಸೌದಿ ವಿಮಾನ ಬರುತ್ತಿದ್ದ 14,000 ಅಡಿಗೆ. ದೆಹಲಿಯ ಕಂಟ್ರೋಲರ್ ಮುಂದಿದ್ದ ಹಳೆಯ ರಡಾರ್ ಚುಕ್ಕಿ ತೋರಿಸುತ್ತಿತ್ತೇ ಹೊರತು ಎತ್ತರ ತೋರಿಸುತ್ತಿರಲಿಲ್ಲ. ಬಾಯಿಮಾತೊಂದನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಇನ್ನೇನು ಬೇಕು? ಅದಾದ ಮೇಲೆ ಎತ್ತರ ತೋರಿಸುವ ರಡಾರ್ ಬಂತು, ಬರುವ ಹೋಗುವ ದಾರಿಗಳು ಬೇರೆಯಾದವು, ಡಿಕ್ಕಿ ತಪ್ಪಿಸುವ ಟಿಕಾಸ್ ಉಪಕರಣ ವಿಮಾನದೊಳಗೆ ಕಡ್ಡಾಯವಾಯಿತು. ಇಸ್ರೋ ಮತ್ತು ನಿಮ್ಮ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ, ವಿಮಾನಗಳಿಗೆ ದಾರಿ ತೋರುವ ‘ಗಗನ್’ ಉಪಗ್ರಹ ವ್ಯವಸ್ಥೆಯ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ. ಇಂಥದ್ದೆಲ್ಲ ಇನ್ನೂ ಬರಲಿ, ಬೇಗ ಬರಲಿ.

ಆದರೆ ಟಿಕಾಸ್ ಬಂದ ಮೇಲೆಯೇ, 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಎರಡು ವಿಮಾನ ಡಿಕ್ಕಿಯಾದವು. ಸತ್ತ 71 ಜನರಲ್ಲಿ ಹೆಚ್ಚಿನವರು ರಜೆಗೆ ಹೊರಟಿದ್ದ ರಷ್ಯದ ಮಕ್ಕಳು. ಆ ಆಕಾಶ ಜ್ಯೂರಿಕ್‌ನ ಕಂಟ್ರೋಲ್ ಕೇಂದ್ರದ ಸುಪರ್ದಿಯಲ್ಲಿತ್ತು. ಆ ರಾತ್ರಿ ಅಲ್ಲಿ ಯಂತ್ರಗಳ ದುರಸ್ತಿ ನಡೆಯುತ್ತಿತ್ತು; ಪರದೆಯ ಮೇಲೆ ಬರಬೇಕಾದ ಎಚ್ಚರಿಕೆ ಬಂದ್ ಆಗಿತ್ತು, ಫೋನ್ ಲೈನೂ ಬಂದ್. ಜೊತೆಯವರು ವಿಶ್ರಾಂತಿಗೆ ಹೋಗಿದ್ದರಿಂದ ಒಬ್ಬನೇ ಕಂಟ್ರೋಲರ್ ಎರಡು ಮೇಜು ನೋಡಿಕೊಳ್ಳುತ್ತಿದ್ದ. ಪಕ್ಕದ ಕಾರ್ಲ್ಸ್‌ರೂಹೆ ಕೇಂದ್ರದವರಿಗೆ ಅಪಾಯ ಕಾಣಿಸಿತು. ಫೋನ್ ಮಾಡಿದರು, ಮತ್ತೆ ಮಾಡಿದರು, ತಲುಪಲಿಲ್ಲ. ಕೊನೆಗಳಿಗೆಯಲ್ಲಿ ರಷ್ಯದ ಪೈಲಟ್‌ಗಳಿಗೆ ಟಿಕಾಸ್ ‘ಮೇಲೇರು’ ಎಂದಿತು, ಕಂಟ್ರೋಲರ್ ‘ಕೆಳಗಿಳಿ’ ಎಂದ. ಅವರು ಮನುಷ್ಯನ ಮಾತು ಕೇಳಿದರು. ಎದುರಿನ ವಿಮಾನ ಯಂತ್ರದ ಮಾತು ಕೇಳಿ ಅದೂ ಕೆಳಗಿಳಿಯಿತು. ಟಿಕಾಸ್ ಹೇಳಿದ್ದೇ ಅಂತಿಮ ಎಂಬುದು ಎಲ್ಲರಿಗೂ ಖಚಿತವಾದದ್ದು ಅದಾದ ಮೇಲೆ. ನಾನು ಇದನ್ನು ನಿನಗೆ ಹೇಳುತ್ತಿರುವುದು ಆ ರಾತ್ರಿಯ ದುರಸ್ತಿಗಾಗಿ. ವ್ಯವಸ್ಥೆಯನ್ನು ಉತ್ತಮಪಡಿಸುವ ಗಳಿಗೆಯೇ ಅದು ಅತ್ಯಂತ ದುರ್ಬಲವಾಗಿರುವ ಗಳಿಗೆ. ಹಳೆಯದು ಅರ್ಧ ಹೋಗಿ ಹೊಸದು ಅರ್ಧ ಬಂದಿರುವಾಗ ಏನು ಕೆಲಸ ಮಾಡುತ್ತಿದೆ, ಏನು ಮಾಡುತ್ತಿಲ್ಲ ಎಂದು ಪಾಳಿಯ ಪ್ರತಿಯೊಬ್ಬರಿಗೂ ಬರಹದಲ್ಲಿ ಗೊತ್ತಿರಬೇಕು. ಅಂಥ ಹೊತ್ತಿನಲ್ಲಿ ಜನ ಹೆಚ್ಚು ಬೇಕು, ಕಡಿಮೆಯಲ್ಲ.

ನಮ್ಮ ಮಂಗಳೂರಿನ ದುರಂತ ನಿನಗೆ ಗೊತ್ತು. ಆಗ ನೀನು ಪುಟ್ಟ ಮಗು. 2010ರ ಮೇ 22, ಬೆಳಗಿನ ಆರು ಗಂಟೆ, ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ದುಬೈ ವಿಮಾನ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಕಾಸರಗೋಡಿನಿಂದ ಕುಂದಾಪುರದವರೆಗೆ ಆ ಕರಾವಳಿ ಅತ್ತದ್ದನ್ನು ನಾವು ಟೀವಿಯಲ್ಲಿ ನೋಡಿದೆವು. ತನಿಖಾ ವರದಿ ಮುಖ್ಯ ತಪ್ಪನ್ನು ಕ್ಯಾಪ್ಟನ್ ಮೇಲೆಯೇ ಹೊರಿಸಿತು. ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಆತ ನಿದ್ದೆ ಹೋಗಿದ್ದ, ನಿದ್ದೆಯ ಜಡ ಪೂರ್ತಿ ಬಿಟ್ಟಿರಲಿಲ್ಲ. ಅದರ ಜೊತೆಗೆ ಆ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಎರಡು ದಿನದಿಂದ ಮಂಗಳೂರಿನ ರಡಾರ್ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ವಿಮಾನವನ್ನು ಎಂದಿಗಿಂತ ಹತ್ತಿರ ಬರುವ ತನಕ ಮೇಲೇ ಇರಿಸಿ ಆಮೇಲೆ ಇಳಿಸಲು ಬಿಟ್ಟರು. ಅದನ್ನು ಸರಿದೂಗಿಸಿಕೊಳ್ಳಲು ಪೈಲಟ್‌ಗೆ ಸಮಯ ಸಾಕಷ್ಟಿತ್ತು, ನಿಜ. ಆದರೆ ನೆಲದ ಮೇಲೆ ಕೆಟ್ಟು ನಿಂತ ಒಂದು ಯಂತ್ರದ ಹೊರೆ ಆಕಾಶದಲ್ಲಿ ಎಚ್ಚರವಿಲ್ಲದ ಒಬ್ಬ ಮನುಷ್ಯನ ತಲೆಯ ಮೇಲೆ ಹೋಗಿ ಬಿತ್ತು. ಕೆಟ್ಟದ್ದು ಎಲ್ಲಿಯೋ, ಹೊರುವವರು ಎಲ್ಲಿಯೋ.

ಆ ವಿಮಾನದ ಫಸ್ಟ್ ಆಫೀಸರ್ ಮೂರು ಸಲ ‘ಗೋ ಅರೌಂಡ್’ ಎಂದಿದ್ದ. ಇಳಿಯಬೇಡ, ಮತ್ತೆ ಮೇಲೇರು, ಎಂದು ಮೂರು ಸಲ. ಆದರೆ ಕೈ ಹಾಕಿ ವಿಮಾನವನ್ನು ತಾನೇ ಎತ್ತಲಿಲ್ಲ. ಪಕ್ಕದಲ್ಲಿ ಕೂತವರು ಹಿರಿಯರು. ಪುಟ್ಟಿ, ನಮ್ಮ ಕಡೆ ಮಕ್ಕಳಿಗೆ ದೊಡ್ಡವರ ಮಾತಿಗೆ ಎದುರಾಡಬಾರದೆಂದು ಎಳವೆಯಿಂದಲೇ ಹೇಳಿಕೊಡುತ್ತೇವೆ. ನಿನಗೂ ಹಾಗೇ ಹೇಳಿಕೊಟ್ಟಿದೆ, ನೀನೂ ಹಾಗೇ ನಡೆದುಕೊಂಡೆ. ಮನೆಗೆ ಅದು ಚೆಂದ. ಟವರಿನ ಮೆಟ್ಟಿಲು ಹತ್ತುವಾಗ ಅದನ್ನು ಕೆಳಗೇ ಬಿಟ್ಟು ಹೋಗಬೇಕು. ನಿನಗಿಂತ ಇಪ್ಪತ್ತು ವರ್ಷ ಹಿರಿಯರಾದ ಸೂಪರ್‌ವೈಸರ್ ಆದರೂ ಸರಿ, ಸಂದೇಹ ಬಂದರೆ ‘ಸಾರ್, ದಕ್ಷಿಣದ ರನ್‌ವೇ ಈಗ ನನ್ನ ಹತ್ತಿರ ಇದೆಯೋ ಇಲ್ಲವೋ?’ ಎಂದು ಗಟ್ಟಿಯಾಗಿ ಕೇಳು. ಬೈಸಿಕೊಂಡರೆ ಬೈಸಿಕೋ. ಬೈಗುಳ ಸಂಜೆಗೆ ಮರೆತುಹೋಗುತ್ತದೆ. ಕೇಳದೆ ಬಿಟ್ಟ ಪ್ರಶ್ನೆ ಮರೆಯುವುದಿಲ್ಲ.

1990ರ ಫೆಬ್ರವರಿ 14ರ ಮಧ್ಯಾಹ್ನದ್ದನ್ನು ಇಲ್ಲಿ ಸೇರಿಸಿಬಿಡುತ್ತೇನೆ, ಏಕೆಂದರೆ ಹೊಸ ಯಂತ್ರದ ಪಾಠ ಅದಕ್ಕಿಂತ ಚೆನ್ನಾಗಿ ಇನ್ನೆಲ್ಲೂ ಸಿಗದು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದ ಏರ್‌ಬಸ್ ಎ-320 ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ಬಿದ್ದು 92 ಜನ ಹೋದರು. ಹವೆ ಚೆನ್ನಾಗಿತ್ತು, ಎಂಜಿನ್ ಚೆನ್ನಾಗಿತ್ತು, ವಿಮಾನ ನಮ್ಮ ದೇಶಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಇಳಿಯುವ ಹೊತ್ತಿಗೆ ಅದರ ಕಂಪ್ಯೂಟರ್ ಎಂಜಿನ್‌ಗಳನ್ನು ಕನಿಷ್ಠ ಶಕ್ತಿಯಲ್ಲಿಡುವ ಮೋಡ್‌ನಲ್ಲಿತ್ತು. ವೇಗವನ್ನು ಅದು ಕಾಯುತ್ತಿಲ್ಲ ಎಂಬುದು ಪೈಲಟ್‌ಗಳಿಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಕಾಕ್‌ಪಿಟ್‌ನಲ್ಲಿ ಮೋಡ್ ಬದಲಾದರೆ ಬಾಯಿಬಿಟ್ಟು ಹೇಳುವ ಪದ್ಧತಿ ಇದೆಯಂತೆ. ನಿನ್ನ ಸ್ಕ್ರೀನಿಗೂ ಆ ಪದ್ಧತಿ ಮಾಡಿಕೋ. ಇದು ಈಗ ನನಗಾಗಿ ಏನು ಮಾಡುತ್ತಿದೆ, ಏನು ಮಾಡುತ್ತಿಲ್ಲ ಎಂದು ಪಕ್ಕದವರಿಗೆ ಕೇಳುವ ಹಾಗೆ ಹೇಳು.

ಇನ್ನು ಕೈಕೆಲಸ ಮರೆಯುವ ವಿಚಾರ. 2025ರ ನವೆಂಬರಿನಲ್ಲಿ ದೆಹಲಿಯಲ್ಲಿ ಫ್ಲೈಟ್ ಪ್ಲಾನ್‌ಗಳನ್ನು ಕಂಟ್ರೋಲರ್‌ಗಳ ಪರದೆಗೆ ಸಾಗಿಸುವ ಸಂದೇಶ ವ್ಯವಸ್ಥೆ ಕೈಕೊಟ್ಟು 800ಕ್ಕೂ ಹೆಚ್ಚು ವಿಮಾನಗಳು ತಡವಾದವು. ಕಾದು ಕಾದು ಸುಸ್ತಾದ ಪ್ರಯಾಣಿಕರ ಚಿತ್ರವನ್ನು ಪತ್ರಿಕೆಗಳು ಹಾಕಿದವು. ತಾನಾಗಿ ಬರುತ್ತಿದ್ದದ್ದನ್ನು ಒಂದೊಂದಾಗಿ ಕೈಯಿಂದ ಮಾಡುತ್ತ, ಯಾರಿಗೂ ಏನೂ ಆಗದ ಹಾಗೆ ವಿಮಾನಗಳನ್ನು ಕಳಿಸಿದ ಕಂಟ್ರೋಲರ್‌ಗಳ ಚಿತ್ರ ನನಗೆ ಕಾಣಲಿಲ್ಲ. ತಡವಾದದ್ದೇ ಅವರ ಗೆಲುವು. ಕೈಯಿಂದ ನಡೆಸಬಲ್ಲಷ್ಟನ್ನೇ ನಡೆಸಿದರು. ಇಂದು ಅವರಿಗೆ ಆ ಕೆಲಸ ಬರುತ್ತದೆ, ಏಕೆಂದರೆ ಹಳೆಯದರಲ್ಲಿ ಪಳಗಿದವರು. ಸ್ಕ್ರೀನಿನ ಮೇಲೇ ಕಲಿತ ನಿನ್ನ ತಲೆಮಾರಿಗೆ ಅದು ಬರಬೇಕಾದರೆ ಸಿಮ್ಯುಲೇಟರಿನಲ್ಲಿ ಆಗಾಗ ಎಲ್ಲವನ್ನೂ ಆರಿಸಿ ಅಭ್ಯಾಸ ಮಾಡಿಸಬೇಕು. ಮಾಡಿಸದಿದ್ದರೆ ಕೇಳಿ ಮಾಡಿಸಿಕೋ.

ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ವಿಷಯ ಬರೆಯದೆ ಹೇಗಿರಲಿ? 1,740 ಮೀಟರಿನ ರನ್‌ವೇ, ಎಟಿಆರ್ ವಿಮಾನಗಳು, ದಿನಕ್ಕೆ ಬೆರಳೆಣಿಕೆಯ ಓಡಾಟ. ಸ್ವೀಡನ್ನಿನಲ್ಲಿ 2015ರಿಂದ ಎರ್ನ್‌ಶೋಲ್ಡ್ಸ್‌ವಿಕ್ ಎಂಬ ಸಣ್ಣ ನಿಲ್ದಾಣವನ್ನು ದೂರದ ಸುಂಡ್ಸ್‌ವಾಲ್‌ನಲ್ಲಿ ಕೂತು ಕ್ಯಾಮೆರಾ ನೋಡಿ ನಡೆಸುತ್ತಾರೆ ಎಂದು ನೀನೇ ಹೇಳಿದ್ದೆ. ನಾಳೆ ಮಂಡಕಳ್ಳಿಯನ್ನೂ ಬೆಂಗಳೂರಿನಿಂದ ಹಾಗೆ ನಡೆಸಬಹುದು. ನನಗೆ ಅದರಲ್ಲಿ ತಕರಾರಿಲ್ಲ. ರಾತ್ರಿಯೆಲ್ಲ ಒಬ್ಬೊಬ್ಬರೇ ಕೂರುವುದು ತಪ್ಪಿದರೆ ಒಳ್ಳೆಯದೇ. ಆದರೆ ಚಾಮುಂಡಿ ಬೆಟ್ಟದ ಮೇಲೆ ಮೋಡ ಕೂತರೆ ಮಳೆ ಎಷ್ಟು ಹೊತ್ತಿಗೆ ಕೆಳಗೆ ಬರುತ್ತದೆ, ನಂಜನಗೂಡು ರಸ್ತೆಯ ಬಯಲಿನಲ್ಲಿ ಹದ್ದುಗಳು ಯಾವ ಹೊತ್ತಿನಲ್ಲಿ ಏಳುತ್ತವೆ ಎಂಬುದು ಇಲ್ಲಿ ವರ್ಷಗಟ್ಟಲೆ ಕಿಟಕಿಯಿಂದ ನೋಡಿದವರಿಗೆ ಗೊತ್ತು. ಅವರನ್ನು ಬೇರೆಡೆಗೆ ವರ್ಗ ಮಾಡುವ ಮುನ್ನ ಅದನ್ನೆಲ್ಲ ಬರೆಸಿಕೊಳ್ಳಬೇಕು.

ಮನುಷ್ಯನ ಮನಸ್ಸನ್ನೂ ರೇಡಿಯೋವನ್ನೂ ಒಟ್ಟಿಗೆ ಯೋಚಿಸಿದವರು ನಮ್ಮೂರಲ್ಲೇ ಇದ್ದರು, ಗೊತ್ತೇ? 1935ರಲ್ಲಿ ಇಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಿಂದ ಇದೆ. ಕೇಳುವುದು, ಹೇಳುವುದು, ದಣಿಯುವುದು, ಇವನ್ನೆಲ್ಲ ಬಲ್ಲವರು ಇಷ್ಟು ಹತ್ತಿರದಲ್ಲಿರುವಾಗ ಹೊಸ ಸ್ಕ್ರೀನಿನ ಬಣ್ಣ, ಅಕ್ಷರ, ಎಚ್ಚರಿಕೆಯ ಸದ್ದು ಹೇಗಿರಬೇಕೆಂದು ಅವರನ್ನೂ ಕೂರಿಸಿಕೊಂಡು ತೀರ್ಮಾನಿಸಿದರೆ ಎಷ್ಟು ಚೆನ್ನ! ಹೊರದೇಶದಲ್ಲಿ ತಯಾರಾದದ್ದನ್ನು ತಂದು ನಿಲ್ಲಿಸಿ, ಆಮೇಲೆ ಅದಕ್ಕೆ ತಕ್ಕ ಹಾಗೆ ಜನರನ್ನು ಬಗ್ಗಿಸುವುದು ನನಗೆ ಸರಿಕಾಣುವುದಿಲ್ಲ.

ನೈಟ್ ಡ್ಯೂಟಿಯ ಮೊದಲ ದಿನ ಮಧ್ಯಾಹ್ನ ಕಡ್ಡಾಯವಾಗಿ ಮಲಗು. ರಾತ್ರಿ ಎರಡರಿಂದ ಬೆಳಗಿನ ಜಾವದ ತನಕ ದೇಹ ಯಾರ ಮಾತೂ ಕೇಳುವುದಿಲ್ಲ. ಕಾಫಿ ಕುಡಿದರೆ ಕಣ್ಣು ತೆರೆದಿರುತ್ತದೆ, ಬುದ್ಧಿ ತೆರೆದಿರುತ್ತದೆ ಎನ್ನಲಾಗದು. ಬಿಡುವಿನ ಹೊತ್ತು ಕೊಟ್ಟರೆ ‘ಪರವಾಗಿಲ್ಲ ಸಾರ್, ನಾನೇ ಕೂರುತ್ತೇನೆ’ ಎನ್ನಬೇಡ. ಸಣ್ಣದೇನಾದರೂ ಎಡವಟ್ಟಾದರೆ ಅಂದೇ ಲಾಗ್ ಪುಸ್ತಕದಲ್ಲಿ ಬರೆ. 2022ರ ಆ ಘಟನೆ ಮೊದಲು ಪುಸ್ತಕದಲ್ಲೇ ದಾಖಲಾಗಿರಲಿಲ್ಲ ಎಂದು ಓದಿದಾಗ ನನಗೆ ಘಟನೆಗಿಂತ ಅದೇ ಹೆಚ್ಚು ಕಳವಳ ತಂದಿತು.

ಮುಂದಿನ ತಿಂಗಳು ನಿನ್ನನ್ನು ಪಾಳಿಗೆ ಹಾಕುತ್ತಾರಂತೆ. ಪಾಳಿ ಬದಲಾಗುವಾಗ ಅಲ್ಲಿ ಚಾರ್ಜ್ ಹೇಗೆ ಕೊಡುತ್ತಾರೆ, ಪಟ್ಟಿ ಹಿಡಿದು ಓದುತ್ತಾರೋ ಬಾಯಲ್ಲಿ ಹೇಳುತ್ತಾರೋ, ಹೊಸಬರು ಕೂತ ಮೇಲೆ ಹಳಬರು ಎಷ್ಟು ಹೊತ್ತು ಹಿಂದೆ ನಿಂತು ನೋಡುತ್ತಾರೆ, ಎಲ್ಲವನ್ನೂ ವಿವರವಾಗಿ ನನಗೆ ಬರೆ. ಅಜ್ಜಿ ಚಟ್ನಿಪುಡಿ, ಹುರಿಗಾಳು ಕಟ್ಟಿಟ್ಟಿದ್ದಾಳೆ. ಭಾನುವಾರ ನಿನ್ನ ಚಿಕ್ಕಪ್ಪ ಬೆಂಗಳೂರಿಗೆ ಬರುವಾಗ ತರುತ್ತಾನೆ.

ಇಂತಿ ನಿನ್ನ ಪ್ರೀತಿಯ
ತಾತ